ಪರದೆಯ ಹಿಂದೆ ಉಳಿದ ಸಾಕ್ಷಿ

ಸರ್ಕಾರದ ಜೀಪು ಬಂದು ನಿಂತಿತೆಂದರೆ ಭದ್ರಾವತಿಯ ಆ ಬೀದಿಯಲ್ಲಿ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಅಂದು ಬಾಬು ಸಾಬರೂ ಮುಚ್ಚಿದರು. ಜೀಪು ಬಂದಿರುವುದು ತನಗಾಗಿ ಎಂದು ಒಳಗೆ ಕೂತಿದ್ದ ಸೊಸೆ ಫಿರೋಜಾಳಿಗೆ ಗೊತ್ತಿತ್ತು.

ಏಡನ್ ಬಂದರಿನಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ನಸರುಲ್ಲಾ ಅವಳೊಡನೆ ಪರದೇಶದ ಹಡಗಿನಲ್ಲಿ ಊರಿಗೆ ಹೊರಟಿದ್ದ. ನಡುಗಡಲಿನಲ್ಲಿ ಕುಡಿಯುವ ನೀರಿಗಾಗಿ ಜಗಳ ಹತ್ತಿತು. ಹಡಗಿನ ಅಧಿಕಾರಿಯೊಬ್ಬ ಸಲಾಕೆಯಿಂದ ನಸರುಲ್ಲಾನ ತಲೆಗೆ ಹೊಡೆದ. ಕಂಡವಳು ಫಿರೋಜಾ ಒಬ್ಬಳೇ. ಹೆಣ ಕಡಲಿಗೆ ಹೋಯಿತು. ಮೆಟ್ಟಿಲು ಜಾರಿ ಸತ್ತನೆಂದು ಕಪ್ತಾನ ಬರೆದ. ಕಂಡದ್ದನ್ನು ಅವಳು ಊರಿಗೆ ಬಂದ ಮೇಲೆ ಮನೆಯಲ್ಲಷ್ಟೇ ಹೇಳಿದಳು. ಹಡಗು ಆ ದೇಶದ್ದಾದ್ದರಿಂದ ವಿಚಾರಣೆಯೂ ಅವರದೇ. ಇಲ್ಲಿನ ಪೊಲೀಸರು ಹಡಗಿನಲ್ಲಿ ಜೊತೆಗಿದ್ದ ಹೆಂಡತಿಯ ಹೇಳಿಕೆ ಬರೆದು ಕಳಿಸಬೇಕಿತ್ತು. ಅದಕ್ಕೇ ಶಿವಮೊಗ್ಗದಿಂದ ಇನ್ಸ್‌ಪೆಕ್ಟರು ಬಂದಿದ್ದರು.

ಪಕ್ಕದ ಮನೆಯ ಜಗದಾಂಬಾ ಹಿತ್ತಲಿಂದ ಒಳಗೆ ಬಂದು, ಮುಂಬಾಗಿಲು ತೆಗೆಯಿರೆಂದು ಬಾಬು ಸಾಬರಿಗೆ ಹೇಳಿದರು.

"ಸೊಸೆ ಇದ್ದತ್ತಿನಲ್ಲಿದ್ದಾಳೆ ಅಮ್ಮಾ. ಗಂಡ ಸತ್ತ ಹೆಣ್ಣು ಈ ತಿಂಗಳುಗಳಲ್ಲಿ ಪರಗಂಡಸಿನ ಮುಂದೆ ಬರಂಗಿಲ್ಲ. ಹಡಗು ಅವರದು, ಕಾಯ್ದೆನೂ ಅವರದು. ನಮ್ಮ ಮಾತು ಯಾರಿಗೆ ಬೇಕು?"

"ಮುಂದೆ ಬರೋದು ಬೇಡ ಸಾಬ್ರೆ, ಪರದೆ ಹಿಂದೆ ಕೂತು ಹೇಳ್ಲಿ. ಮಸೀದಿ ಹಜರತ್ರನ್ನಾದ್ರೂ ಒಂದು ಮಾತು ಕೇಳಿ."

"ಕಡ್ಲೆಪುರಿ ಕಟ್ಟಿದ ಪೇಪರ್ ಓದಿ ನಮಗೆ ನಮ್ಮ ದೀನು-ಧರ್ಮ ಹೇಳ್ಕೊಡ್ತೀಯಲ್ಲ ಮಾರಾಯ್ತಿ. ಕೇಳೋದೇನಿದೆ, ನನಗೆ ಗೊತ್ತಿಲ್ವಾ?"

ಒಳಗೆ ಫಿರೋಜಾ ಎದ್ದು ಬಾಗಿಲತನಕ ಬಂದು, ಮತ್ತೆ ಹೋಗಿ ಕೂತಳು. ಆ ಮನೆಯಲ್ಲಿ ಸೊಸೆ ಮಾವನಿಗೆ ಎದುರಾಡಿದ್ದಿಲ್ಲ. ಜೀಪು ಹೊರಟುಹೋಯಿತು.

ಇದ್ದತ್ತು ಮುಗಿದ ಮೇಲೆ ವಿಷಯ ಮಸೀದಿಯ ಗುರುಗಳಾದ ಹಜರತ್ತರ ಕಿವಿಗೆ ಬಿತ್ತು. ಅವರು ಬಾಬು ಸಾಬರನ್ನು ಪಕ್ಕಕ್ಕೆ ಕರೆದರು. "ಪರದೆ ಹಿಂದಿಂದ ಹೇಳಬಹುದಿತ್ತಲ್ಲ, ಸಾಬ್. ಕಂಡ ಸತ್ಯಾನ ಬಚ್ಚಿಡು ಅಂತ ದೀನು ಎಲ್ಲಿ ಹೇಳ್ತದೆ? ನನ್ನನ್ನ ಕೇಳಬಾರದಿತ್ತೇ?"

ಮರುದಿನವೇ ಮಾವ ಸೊಸೆಯನ್ನು ಶಿವಮೊಗ್ಗಕ್ಕೆ ಕರೆದೊಯ್ದರು. ಅವಳು ಹೊಡೆದವನ ಮುಖ, ಕೈ, ಸಲಾಕೆ ಎಲ್ಲವನ್ನೂ ಹೇಳಿದಳು. ಇನ್ಸ್‌ಪೆಕ್ಟರು ಬರೆದು ಮುಗಿಸಿ, ಅಷ್ಟರಲ್ಲಿ ಆದದ್ದನ್ನು ತಿಳಿಸಿದರು. ಕಂಡವರಾರೂ ಇಲ್ಲವೆಂದು ಆ ದೇಶದವರು ವಿಚಾರಣೆ ಮುಚ್ಚಿಬಿಟ್ಟಿದ್ದರು. ಹೊಡೆದವನು ಅದೇ ಹಡಗಿನಲ್ಲಿ, ಅದೇ ಕೆಲಸದಲ್ಲಿದ್ದ.

"ಕಳಿಸ್ತೀನಿ ತಾಯಿ. ಮತ್ತೆ ತೆರೀತಾರೆ ಅಂತ ಹೇಳಲಾರೆ."

ಹಿಂದಿರುಗುವ ಬಸ್ಸಿನಲ್ಲಿ ಬಾಬು ಸಾಬರು ಸೊಸೆಯ ಕಡೆ ತಿರುಗಿದರು. ಮೆಲ್ಲಗೆ, "ಇನ್ನು ಯಾರೇ ಕೇಳಿದ್ರೂ ಹೇಳು, ಬೇಟಿ. ನಾನು ಅಡ್ಡ ಬರಲ್ಲ," ಎಂದರು.

"ಇನ್ನು ಯಾರು ಕೇಳ್ತಾರೆ, ಅಬ್ಬಾಜಾನ್?"



ಇದನ್ನು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ವಿಚಾರಣೆಗೆ ಬಂದವರು ಕದ ತಟ್ಟಿದರೆ ತೆಗೆಯಿರಿ. ಎದುರಿಗೆ ಬರಲಾಗದಿದ್ದರೆ ಮರೆಯಲ್ಲಿ ಕೂತು ಹೇಳಿ. ಬರೆದದ್ದನ್ನು ಓದಿಸಿ ಕೇಳಿ. ಸಂದೇಹವಿದ್ದರೆ ತಿಳಿದವರನ್ನು ಅಂದೇ ವಿಚಾರಿಸಿ. ಫಿರೋಜಾಳ ಮಾತು ಈಗಲೂ ಕಾಗದದಲ್ಲಿದೆ. ಅದನ್ನು ಓದಬೇಕಾದವರು ವಿಚಾರಣೆ ಮುಗಿಸಿ ಎದ್ದು ಹೋಗಿದ್ದಾರೆ.