ಗಾಳಿವೀರನ ಅಮ್ಮ

ನಾಲ್ಕನೆಯ ಪುಟದಲ್ಲಿ ಗಾಳಿವೀರನ ಅಮ್ಮ ಸತ್ತೇಹೋದಳು. ಓದಿದ್ದನ್ನು ನಂಬದೆ ಲೇಖಕಿ ಮತ್ತೆ ಮೊದಲ ಪುಟಕ್ಕೆ ಬಂದಳು. ಉರಿಯುವ ಮನೆ, ಒಳಗೆ ಅಮ್ಮ, ಬೀದಿಯಿಂದ ಓಡಿಬರುವ ಎಂಟು ವರ್ಷದ ಹುಡುಗ. ಓಡುತ್ತ ಓಡುತ್ತ ಅವನ ಕಾಲು ನೆಲ ಬಿಟ್ಟಿತು. ಹಾರಲು ಬಂತು, ಆದರೆ ಹೊತ್ತು ಮೀರಿತ್ತು.

ಹಾರುವ ಹುಡುಗ ಗಾಳಿವೀರನ ಹಳೆಯ ಚಿತ್ರಕಥೆಯನ್ನು ಈಗಿನ ಮಕ್ಕಳಿಗಾಗಿ ಮತ್ತೆ ಬರೆದುಕೊಡಿ ಎಂದು ಪ್ರಕಾಶಕರು ಮೊದಲ ಸಂಚಿಕೆ ಕಳಿಸಿದ್ದರು. "ಗಾಳಿವೀರನಾ! ನಂಗೆ ಬಾಯಿಪಾಠ," ಎಂದು ಜಂಬ ಕೊಚ್ಚಿ ಒಪ್ಪಿದ್ದಳು. ಸಂಜೆ ಐದಕ್ಕೆ ಕೊಡಬೇಕು.

ಅವಳಿಗೆ ಬಾಯಿಪಾಠವಿದ್ದ ಕಥೆಯೇ ಬೇರೆ. ಚಿಕ್ಕಂದಿನಲ್ಲಿ ಮನೆಯಲ್ಲಿದ್ದ ಸಂಚಿಕೆಗೆ ಮೊದಲ ನಾಲ್ಕು ಪುಟಗಳೇ ಇರಲಿಲ್ಲ. ಅಷ್ಟನ್ನು ಅಣ್ಣ ಬಾಯಲ್ಲೇ ಹೇಳುತ್ತಿದ್ದ. ಕಿರುಗುಟ್ಟುವ ಕಬ್ಬಿಣದ ಮಂಚದ ಮೇಲೆ ಇಬ್ಬರೂ ಅಂಗಾತ ಮಲಗಬೇಕು, ಕಥೆ ಶುರುವಾಗಬೇಕು. ಗಾಳಿವೀರ ಟೇಬಲ್ ಫ್ಯಾನಿನ ಮುಂದೆ ಬಾಯಿ ತೆರೆದು ನಿದ್ದೆಹೋದ; ಗಾಳಿಯೆಲ್ಲ ಹೊಟ್ಟೆ ಸೇರಿ ಎದ್ದರೆ ಸೂರಿಗೆ ಅಂಟಿಕೊಂಡಿದ್ದ! ಕೆಳಗೆ ಅವನ ಅಮ್ಮ ಸೌಟು ಹಿಡಿದು, "ಇಳಿಯೋ ಕೋತಿ, ಊಟ ಆರಿಹೋಗತ್ತೆ!" ಎಂದು ಕೂಗುತ್ತಿದ್ದಳು. ಒಂದು ದಿನ ಸೌಟು, ಇನ್ನೊಂದು ದಿನ ಪೊರಕೆ. ಬೈಗುಳವೂ ದಿನಕ್ಕೊಂದು. ಆಹಾ, ಎಂಥ ದಿನಗಳವು! ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತಿತ್ತು.

ಅಣ್ಣನಿಗೆ ಫೋನು ಮಾಡಿದಳು. ಅವನ ಗ್ಯಾರೇಜಿನಲ್ಲಿ ಸುತ್ತಿಗೆಯ ಸದ್ದು.

"ಅಣ್ಣಾ, ಎಂಥ ಸುಳ್ಳುಬುರುಕನೋ ನೀನು! ಗಾಳಿವೀರನ ಅಮ್ಮ ಮೊದಲ್ನೇ ಸಂಚಿಕೇಲೇ ಸತ್ತಿದಾಳೆ."

ಸುತ್ತಿಗೆ ನಿಂತಿತು. "ಎಲ್ಲಿ ಸಿಕ್ತು ನಿಂಗೆ ಆ ಪುಟ?"

"ಅಂದ್ರೆ, ನಿಂಗೆ ಗೊತ್ತಿತ್ತಾ?"

"ನಾನೇ ಹರಿದಿದ್ದು ಕಣೇ. ಅಮ್ಮ ಆಸ್ಪತ್ರೆ ಸೇರಿದ ವಾರ ಅಪ್ಪ ಆ ಪುಸ್ತಕ ತಂದ್ರು. ನೀನು ಆಗಷ್ಟೇ ಅಕ್ಷರ ಕೂಡಿಸಿ ಓದ್ತಿದ್ದೆ. ನೀನು ಅದನ್ನ ಓದ್ಬಿಟ್ರೆ ನಮ್ಮಮ್ಮಂಗೂ ಹಂಗೇ ಆಗ್ಬಿಡತ್ತೆ ಅನ್ನಿಸ್ತು. ಹನ್ನೊಂದು ವರ್ಷ ನಂಗೆ, ಬುದ್ಧಿ ಎಲ್ಲಿತ್ತು?"

ಅಮ್ಮ ಆಸ್ಪತ್ರೆಯಿಂದ ಬರಲಿಲ್ಲ. ಆಮೇಲೂ ಅಣ್ಣ ಕಥೆ ಬಿಡಲಿಲ್ಲ. ಕಥೆಯ ಅಮ್ಮ ಸೌಟು ಹಿಡಿದು ಬೈಯುತ್ತಲೇ ಇದ್ದಳು. ಪಾಪ, ಎಷ್ಟು ನೋವು ನುಂಗಿ ಹೇಳುತ್ತಿದ್ದನೋ! ತಾನು ಬಿದ್ದು ಬಿದ್ದು ನಗುತ್ತಿದ್ದದ್ದು ನೆನಪಾಗಿ ಅವಳಿಗೆ ದುಃಖ ಒತ್ತರಿಸಿಕೊಂಡು ಬಂತು.

"ಅಳ್ಬೇಡ್ವೇ ಗುಬ್ಬಿ. ಫ್ಯಾನಿನ ಕಥೆನೇ ಬರೆದ್ಬಿಡು. ಮಕ್ಕಳಿಗ್ಯಾಕೆ ಸಾವು-ಗೀವು?"

"ಇಲ್ಲ ಕಣೋ. ಅಮ್ಮ ಇಲ್ಲದ ಮಗು ಯಾವುದಾದ್ರೂ ಓದತ್ತೆ. ಅದಕ್ಕೆ ಸುಳ್ಳು ಹೇಳಕ್ಕೆ ನನ್ ಕೈಲಾಗಲ್ಲ."

"ಹಂಗಾದ್ರೆ ನಾನು ಹೇಳಿದ್ದು ತಪ್ಪಾ?"

"ಬರೆದು ಮುಗಿಸಿ ಓದಿ ಹೇಳ್ತೀನಿ, ಇರು," ಎಂದು ಫೋನಿಟ್ಟಳು.

ಬೆಂಕಿ, ಅಮ್ಮ, ಓಟ, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದಳು. ಆಮೇಲೆ, ಪ್ರಕಾಶಕರು ಏನಾದರೂ ಅಂದುಕೊಳ್ಳಲಿ ಎಂದು, ಮೂಲದಲ್ಲಿಲ್ಲದ ಒಂದು ಪ್ಯಾರಾ ಸೇರಿಸಿದಳು.

ಅದರಲ್ಲಿ ಗಾಳಿವೀರ ಮತ್ತೆ ಶಾಲೆಗೆ ಹೊರಟಿದ್ದ. ಹನ್ನೊಂದು ವರ್ಷದ ಅವನ ಅಣ್ಣ ಬಾಗಿಲಲ್ಲಿ ಮಂಡಿಯೂರಿ ಕೂತು ಅವನಿಗೆ ಶೂ ಹಾಕಿದ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗಿತ್ತು. ಗಾಳಿವೀರ ಅದನ್ನು ಹೇಳಲಿಲ್ಲ. ಆ ದಿನ ಅವನು ಹಾರಲೂ ಇಲ್ಲ. ಅಣ್ಣನ ಕೈ ಹಿಡಿದುಕೊಂಡು ಶಾಲೆಯವರೆಗೂ ನಡೆದೇ ಹೋದ.