ಅಳಿಸಿಹೋದ ಮೂವತ್ತೊಂದು ದನಿ

ಕಿಟಕಿಯಿಂದ ಗಾಳಿ ಬಂದಾಗಲೆಲ್ಲ ಮುಚ್ಚಿದ ಚಿನ್ನದ ಗಣಿಯ ಸೈನೈಡ್ ದಿಬ್ಬದ ಬೂದು ಪುಡಿ ಕೀಲಿಮಣೆಯ ಮೇಲೆ ಕೂರುತ್ತದೆ, ಬೆರಳಿಟ್ಟರೆ ಸಣ್ಣಗೆ ಗರಗರ, ಕೆಳಗಿನ ಜೆರಾಕ್ಸ್ ಅಂಗಡಿಯಿಂದ ಯಂತ್ರ ಬಿಸಿಯಾದ ವಾಸನೆ, ಆಂಡರ್ಸನ್‌ಪೇಟೆಯ ಭಾನುವಾರದ ಬೆಳಿಗ್ಗೆ, ಆರು ಜನ ಬಂದಿದ್ದಾರೆ, ಬಂಗಾರಪೇಟೆಯ ರೈಲಿಳಿದು ಓಡಿ ಬಂದ ಅಂಬಿಕಾಳಿಗೆ ಇನ್ನೂ ಏದುಸಿರು, ಬೋರ್ಡಿನ ಮೇಲೆ ನಾನೇ ಬರೆದಿದ್ದೇನೆ, ಇವತ್ತಿನ ಪಾಠ ಬ್ಯಾಕಪ್— ಹೇಳು ಸುಮಲತಾ, ಎಂದುಕೊಳ್ಳುತ್ತೇನೆ, ಪ್ರತಿ ಬ್ಯಾಚಿಗೂ ಹೇಳುವ ಹಾಗೆ ಹೇಳು, ಸರ್ವರ್ ಅಂದರೆ ಎಲ್ಲರೂ ಕೇಳಿದ್ದಕ್ಕೆ ಉತ್ತರ ಕೊಡುತ್ತಾ ಕೂತಿರುವ ಒಂದು ಕಂಪ್ಯೂಟರ್, ಕ್ಲೌಡ್ ಅಂದರೆ ಮೋಡವಲ್ಲ, ಬೇರೆ ಊರಿನಲ್ಲಿ ಬಾಡಿಗೆಗೆ ಹಿಡಿದ ಕಂಪ್ಯೂಟರ್, ಅದೂ ಕೆಡುತ್ತದೆ, ಅದಕ್ಕಿಂತ ಮುಂಚೆ ನಾವೇ ಕೆಡಿಸುತ್ತೇವೆ— ಇಲ್ಲಿ ನಗಬೇಕು, ನಕ್ಕರು— ಒಂದು ಕಂಪನಿಯಲ್ಲಿ ಏನಾಯಿತಪ್ಪಾ ಅಂದರೆ, ಏಳು ವರ್ಷದಿಂದ ಹೀಗೇ ಶುರುಮಾಡುತ್ತೇನೆ, ಒಂದು ಕಂಪನಿ, ಯಾರೋ ಒಬ್ಬಳು ಹುಡುಗಿ, ಎಲ್ಲಿಯ ಕಂಪನಿ, ಉರಿಗಾಂನ ಗಣಿ ಕಾರ್ಮಿಕರ ಲೈನಿನ ನಮ್ಮ ಮನೆಯ ನಡುಕೋಣೆ ಅದು, ಅಮ್ಮನ ಹೊಲಿಗೆ ಮಿಷನ್ನಿನ ಪಕ್ಕ ಒಂದು ಹಳೇ ಕಂಪ್ಯೂಟರ್, ಅದರೊಳಗೆ ಗಣಿಯಲ್ಲಿ ದುಡಿದು ನಿವೃತ್ತರಾದವರ ದನಿ, ಮೂವತ್ತೊಂದು ಜನರದ್ದು.

ಎಷ್ಟು ಚೆನ್ನಾಗಿತ್ತು ಆ ವರ್ಷ, ನಾನು, ನನ್ನ ಗೆಳತಿ ಕಲಾ, ಅಂಗೈಯಲ್ಲಿ ಹಿಡಿಯುವ ಒಂದು ರೆಕಾರ್ಡರ್, ನಂದಿದುರ್ಗದ ಲೈನುಗಳಲ್ಲಿ ಮನೆಮನೆ ಹತ್ತಿಳಿದದ್ದು, ಮೊದಲು ಕಾಫಿ, ಆಮೇಲೆ ಕತೆ, ಕನ್ನಡದಲ್ಲಿ ಶುರುವಾದ ಮಾತು ತಮಿಳಿಗೆ ಹೊರಳಿ ತೆಲುಗಿನಲ್ಲಿ ಮುಗಿಯುತ್ತಿತ್ತು, ನಮ್ಮಪ್ಪ ಕೋದಂಡಪ್ಪನದು ಇಪ್ಪತ್ತೇಳನೆಯ ದನಿ, ನೆಲದಡಿಯಲ್ಲಿ ಮರದ ಆಸರೆ ಕಟ್ಟುತ್ತಿದ್ದವನು, ಎಲ್ಲರದ್ದನ್ನೂ ಕಂಪ್ಯೂಟರಿಗೆ ಇಳಿಸಿ ರೆಕಾರ್ಡರನ್ನು ಖಾಲಿ ಮಾಡುತ್ತಿದ್ದೆವು, ಫೋನಿನಲ್ಲಿ ಹೆಸರು ಒತ್ತಿದರೆ ಯಾವ ಊರಿನಲ್ಲಿರುವ ಮೊಮ್ಮಗಳೂ ಕೇಳಬಹುದಿತ್ತು. ಅಪ್ಪ ಹೋದ ಆರು ತಿಂಗಳಿಗೆ ಎಲ್ಲವನ್ನೂ ಕ್ಲೌಡಿಗೆ ಸಾಗಿಸಲು ಕೂತೆ, ಪರದೆಯ ಮೇಲೆ ಒಂದೇ ಥರದ ಎರಡು ಕಪ್ಪು ಕಿಟಕಿ, ಒಂದು ಪ್ರಯೋಗದ್ದು, ಒಂದು ಅಸಲು, ಪ್ರಯೋಗದ್ದನ್ನು ಅಳಿಸಬೇಕಿತ್ತು, ಅಳಿಸು ಎಂಬ ಆಜ್ಞೆಯನ್ನು ಅಸಲಿನಲ್ಲಿ ಬರೆದೆ, ಒತ್ತಿದೆ, ಅಷ್ಟೇ, ಸದ್ದಿಲ್ಲ, ಬ್ಯಾಕಪ್ ಇದೆಯಲ್ಲ ಎಂದು ಕಲಾಳಿಗೆ ನಗುತ್ತಲೇ ಹೇಳಿದೆ, ನಕಲಾಯಿತು ಎಂದು ದಿನಾ ಹಸಿರು ಗುರುತು ತೋರಿಸುತ್ತಿತ್ತು, ತೆರೆದು ನೋಡಿದರೆ ಒಂದೂ ಇಲ್ಲ, ಯಾವ ಫೋಲ್ಡರನ್ನು ನಕಲು ಮಾಡಬೇಕೆಂದು ತೋರಿಸುವ ದಾರಿಯ ಹೆಸರಿನಲ್ಲಿ ನಾನೇ ಒಂದಕ್ಷರ ತಪ್ಪಿ ಬರೆದಿದ್ದೆ, ವರ್ಷವಿಡೀ ಅದು ಖಾಲಿ ಫೋಲ್ಡರನ್ನೇ ನಿಷ್ಠೆಯಿಂದ ನಕಲು ಮಾಡಿತ್ತು.

ಮನೆಮನೆಗೆ ಮತ್ತೆ ಹೋದೆವು, ಈ ಸಲ ಹೇಳಲು. ಗಂಡನ ದನಿ ಕಳಕೊಂಡ ಚಿಕ್ಕವೆಂಕಟಮ್ಮ ಮೊರದಿಂದ ತಲೆಯೆತ್ತಿ, ಓಗ್ಲಿ ಬಿಡಮ್ಮಣ್ಣಿ, ಆವಯ್ಯ ಬದುಕಿದ್ದಾಗ್ಲೇ ಮಾತು ಕಮ್ಮಿ ಅಂದಳು, ಅಂದವಳು ಗೇಟಿನವರೆಗೆ ಹಿಂದೆಯೇ ಬಂದು, ಒಂದೀಟೂ ಉಳೀಲಿಲ್ವಾ? ಸೆಲ್ವರಾಜ್ ಮಾಮ, ಡ್ರಿಲ್ಲಿಂಗಿನವರು, ಎದೆಯ ತುಂಬ ಗಣಿಯ ದೂಳು, ಪರವಾಯಿಲ್ಲಮ್ಮಾ, ಉಕ್ಕಾರು, ಕೂತ್ಕೋ, ನಾನಿನ್ನೂ ಇದೀನಲ್ಲ, ತಿರುಗ ಕೇಳು, ಕೆಮ್ಮುತ್ತಾ ಎರಡು ಗಂಟೆ ಹೇಳಿದರು, ಮೊದಲ ಸಲಕ್ಕಿಂತ ಹೆಚ್ಚು. ಬದುಕಿದ್ದ ಹತ್ತೊಂಬತ್ತು ಜನ ತಿರುಗ ಹೇಳಿದರು, ಹನ್ನೆರಡು ಜನ ಎಲ್ಲಿಂದ ಹೇಳಬೇಕು— ಮೇಡಂ, ಅಂಬಿಕಾಳ ಕೈ ಮೇಲಿದೆ, ಆಮೇಲೆ ಆ ಉಡುಗಿ ಏನ್ ಮಾಡಿದ್ಲು, ಕಂಪನಿಯೋರು ಕೆಲ್ಸದಿಂದ ತಗ್ದಾಕಿದ್ರಾ? ಹೌದು ಅಂದುಬಿಟ್ಟರೆ ಮುಗಿಯಿತು, ಏಳು ವರ್ಷ ಹಾಗೇ ಮುಗಿಸಿದ್ದೇನೆ, ಬಾಯಿ ತೆರೆದೆ, ಆ ಹುಡುಗಿ ನಾನೇ ಅಂದೆ, ಕಂಪನಿ ಗಿಂಪನಿ ಏನಿಲ್ಲ, ನಮ್ಮ ಮನೆ, ನಮ್ಮ ಜನದ ದನಿ, ನಮ್ಮಪ್ಪನದೂ. ಯಾರೂ ನಗಲಿಲ್ಲ. ಹಸಿರು ಗುರುತನ್ನು ನಂಬಬೇಡಿ, ವಾಪಸ್ ತನ್ನಿ, ತೆರೆಯಿರಿ, ಕಿವಿಯಿಟ್ಟು ಕೇಳಿ, ಕೇಳಿಸಿದರೆ ಮಾತ್ರ ಅದು ಬ್ಯಾಕಪ್, ಅಂದೆ, ಎದೆಯಿಂದ ಏನೋ ಇಳಿಯಿತು, ಬರೆದುಕೊಳ್ಳುತ್ತಿದ್ದಾರೆ, ಅಂಬಿಕಾ ಮಾತ್ರ ಬರೆಯುತ್ತಿಲ್ಲ, ನಿಮ್ಮಪ್ಪಾರ ದನಿ ಎಂಗಿತ್ತು ಮೇಡಂ— ಹೇಗಿತ್ತು, ದಪ್ಪ, ಅಲ್ಲ, ಸ್ವಲ್ಪ ಒಡಕು, ಅಲ್ಲ, ಮಾತುಗಳು ನೆನಪಿವೆ, ಅಮ್ಮಣ್ಣಿ ಅನ್ನುತ್ತಿದ್ದ, ದನಿ ಬರುತ್ತಿಲ್ಲ, ಹುಡುಕಿದಾಗಲೆಲ್ಲ ಬರುವುದು ಅದೊಂದೇ ಚಿತ್ರ, ದನಿ ಅಷ್ಟೇ ಸಾಕು ಅಪ್ಪ ಅಂದರೂ ಕೇಳದೆ ಗಡ್ಡ ಬೋಳಿಸಿಕೊಂಡು ಬಂದು ರೆಕಾರ್ಡರಿನ ಮುಂದೆ ನೆಟ್ಟಗೆ ಕೂತವನು, ಗಲ್ಲದ ಗಾಯಕ್ಕೆ ಅಂಟಿಸಿಕೊಂಡ ಪೇಪರ್ ಚೂರು, ಅದರ ನಡುವೆ ಕೆಂಪು ಚುಕ್ಕೆ, ತುಟಿ ಅಲ್ಲಾಡುತ್ತದೆ, ಪೇಪರ್ ಚೂರು ಅಲ್ಲಾಡುತ್ತದೆ, ಕೆಂಪು ಚುಕ್ಕೆ—