ಮಂಕು ಬೆಸುಗೆ

ಮಧುಶ್ರೀಗೆ ಸುಸ್ತಾಗಿತ್ತು. ಒಂದು ದಿನದ ಸುಸ್ತಲ್ಲ, 2003ರಲ್ಲಿ ಸ್ವೀಡನ್ನಿಗೆ ಬಂದಾಗಿನಿಂದ ಕೂಡಿದ ನಾಲ್ಕು ವರ್ಷದ್ದು. ಗಂಡ ಶ್ರೀನಾಥ ಟ್ರೋಲ್‌ಹೆಟ್ಟನ್‌ನ ವಿಮಾನ ಎಂಜಿನ್ ಕಾರ್ಖಾನೆಗೆ ಸಾಫ್ಟ್‌ವೇರ್ ಕೆಲಸಕ್ಕೆ ಹೋಗಿಬರುತ್ತಿದ್ದ. ನಾಲ್ಕು ವರ್ಷದ ಮಗಳು ತಾನ್ಯಾ ಡಾಗಿಸ್‌ಗೆ, ಅಂದರೆ ಇಲ್ಲಿಯ ಶಿಶುವಿಹಾರಕ್ಕೆ ಹೋಗಿಬರುತ್ತಿದ್ದಳು. ಇವಳೊಬ್ಬಳು ಎಲ್ಲೂ ತಲುಪದೆ ದಣಿಯುತ್ತಿದ್ದಳು. ಮಗುವಿಗೆ ಐದು ಪದರ ಬಟ್ಟೆ ತೊಡಿಸು, ಬಿಚ್ಚು, ಮತ್ತೆ ತೊಡಿಸು. ಸ್ವೀಡಿಷ್ ಕ್ಲಾಸಿಗೆ ಹೋಗು, ಕಲಿತದ್ದನ್ನು ಬರುವಾಗ ಬಸ್ಸಿನಲ್ಲೇ ಮರೆತು ಬಾ. ಕುಕ್ಕರ್ ಇಡು. ಫೆಬ್ರವರಿ ಬಂದರೆ ಬೆಳಕಾಗುತ್ತದೆ ಎನ್ನುತ್ತಾರೆ ಇಲ್ಲಿಯ ಜನ. ಆಗುತ್ತದೆ, ಇಲ್ಲವೆನ್ನಲಿಕ್ಕಾಗದು, ರಸ್ತೆಯ ಕೊಚ್ಚೆ ಕಣ್ಣಿಗೆ ಕಾಣುವಷ್ಟು ಆಗುತ್ತದೆ.

ಹಾಗಂತ ಅವಳೇನು ಕೈಲಾಗದವಳಲ್ಲ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರಲ್ಲಿ ಏಳು ವರ್ಷ ಕೂತು ಸರ್ಕ್ಯೂಟ್ ಬೋರ್ಡುಗಳಿಗೆ ಬೆಸುಗೆ ಹಾಕಿದವಳು. ಅಲ್ಲಿಯ ಸೂಪರ್‌ವೈಸರ್ ಪಾರ್ವತಿ ಮೇಡಂ ಕಲಿಸಿದ್ದು ಒಂದೇ ಮಂತ್ರ. "ಬೆಸುಗೆ ಹೊಳೀಬೇಕು ಕಣ್ರೇ! ಹೊಳೆದ್ರೆ ಪಾಸು. ಮಂಕಾಗಿದ್ರೆ ಅದು ಹಸಿ ಬೆಸುಗೆ, ಇವತ್ತು ಕೆಲಸ ಮಾಡುತ್ತೆ, ಆರು ತಿಂಗಳಿಗೆ ಬಾಯಿ ಬಿಡುತ್ತೆ. ತೆಗೆದು ಹೊಸದಾಗಿ ಹಾಕಿ." ಮೇಡಂ ಪ್ರತಿ ಬೋರ್ಡನ್ನೂ ಟ್ಯೂಬ್‌ಲೈಟಿಗೆ ಹಿಡಿದು ನೋಡುತ್ತಿದ್ದರು. ಮಂಕಾದ ಕಡೆ ಕೆಂಪು ಇಂಕಿನ ಚುಕ್ಕೆ. ಮಧುಶ್ರೀಯ ಬೋರ್ಡಿಗೆ ಚುಕ್ಕೆ ಬಿದ್ದ ದಿನ ಇಡೀ ಲೈನಿನವರು ತಿರುಗಿ ನೋಡುತ್ತಿದ್ದರು, ಅಷ್ಟು ಅಪರೂಪ ಅದು.

ಆ ಏಳು ವರ್ಷಕ್ಕೆ ಈ ಊರಿನಲ್ಲಿ ಕವಡೆ ಕಾಸಿನ ಕಿಮ್ಮತ್ತಿರಲಿಲ್ಲ. ಅರ್ಜಿ ಹಾಕಿದ ಕಡೆಯೆಲ್ಲ ಇಲ್ಲಿಯ ಅನುಭವ ಇದೆಯೇ ಎಂದು ಕೇಳಿದರು. ಇಲ್ಲಿ ಕೆಲಸ ಕೊಡದೆ ಇಲ್ಲಿಯ ಅನುಭವ ಆಕಾಶದಿಂದ ಉದುರುತ್ತದೆಯೇ? ಕೊನೆಗೆ ಸ್ವೀಡಿಷ್ ಕ್ಲಾಸಿನ ಟೀಚರಿಗೇ ಕನಿಕರ ಬಂದು, ಕಾಲುವೆಯ ಪಕ್ಕದ ಒಂದು ಪುಟ್ಟ ವರ್ಕ್‌ಶಾಪಿಗೆ ಹೇಳಿ ಕಳಿಸಿದರು. ಶಾಲೆಗಳಿಗೆ, ಮ್ಯೂಸಿಯಮ್‌ಗಳಿಗೆ ಧ್ವನಿಯ ಸಾಮಾನು ಮಾಡಿಕೊಡುವ, ಕೆಟ್ಟರೆ ರಿಪೇರಿ ಮಾಡುವ ಜಾಗ ಅದು. ಒಡತಿ ಗುನಿಲ್ಲಾಗೆ ಅರವತ್ತರ ಆಸುಪಾಸು. ಕೊರಳಿಗೆ ದಾರ ಕಟ್ಟಿದ ಕನ್ನಡಕ, ಮಾತು ಕಡಿಮೆ. ಒಂದು ರಟ್ಟಿನ ಡಬ್ಬ ಮುಂದಿಟ್ಟು, ಮಧುಶ್ರೀಗೆ ಅರ್ಥವಾಗಲೆಂದು ನಿಧಾನವಾದ ಸ್ವೀಡಿಷ್‌ನಲ್ಲಿ ಹೇಳಿದಳು.

"ಇದು ಹೆಡ್‌ಫೋನ್ ಆಂಪ್ಲಿಫೈಯರ್ ಕಿಟ್. ಸಣ್ಣ ಸದ್ದನ್ನು ದೊಡ್ಡದು ಮಾಡಿ ಎರಡು ಕಿವಿಗೂ ಕೊಡುತ್ತದೆ. ಬಿಡಿಭಾಗ ಎಲ್ಲಾ ಒಳಗಿವೆ, ಬೆಸುಗೆ ತಂತಿಯೂ ಇದೆ. ಮನೆಯಲ್ಲಿ ಜೋಡಿಸಿ ಬುಧವಾರ ತನ್ನಿ. ಇಬ್ಬರು ಕೇಳಿದ್ದೀರಿ, ಜಾಗ ಒಂದೇ. ಮೂರು ತಿಂಗಳು ಕಲಿಕೆ, ಆಮೇಲೆ ಕೆಲಸ."

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಮಧುಶ್ರೀ ಡೈನಿಂಗ್ ಟೇಬಲ್ಲಿಗೆ ಹಳೇ ಪೇಪರ್ ಹಾಸಿ, ಊರಿಂದ ತಂದಿದ್ದ ಬೆಸುಗೆ ಐರನ್ ಬಿಸಿಗಿಟ್ಟು ಕೂತಳು. ತಡವರಿಸಿದ್ದು ಬಿಡಿಭಾಗಗಳ ಮೊದಲ ಎರಡು ತಂತಿಕಾಲಿಗೆ ಮಾತ್ರ. ಆಮೇಲೆ ಬೆರಳುಗಳು ತಾವಾಗಿಯೇ ಓಡಿದವು. ಕಾಲು ತೂರಿಸು, ಕಾಯಿಸು, ತಂತಿ ಮುಟ್ಟಿಸು, ತೆಗೆ, ಕತ್ತರಿಸು. ತಾನ್ಯಾ ಬಂದು "ಮಮ್ಮ, ಡೆ ಲುಕ್ತಾರ್!" ಎಂದು ಮೂಗು ಮುಚ್ಚಿಕೊಂಡಳು, ವಾಸನೆ ಬರುತ್ತಿದೆಯಂತೆ. ಬರಲಿ ಬಿಡು ಪುಟ್ಟೀ! ಅಮ್ಮನಿಗೆ ಆ ಹೊಗೆಯ ವಾಸನೆ ತವರುಮನೆಯ ಅಡಿಗೆಮನೆಯಷ್ಟೇ ಹಿತವಾಗಿತ್ತು. ಮೂರೂವರೆಯ ಹೊತ್ತಿಗೆ ಎಲ್ಲ ಮುಗಿಯಿತು. ಬ್ಯಾಟರಿ ಹಾಕಿ, ರೇಡಿಯೋ ಜೋಡಿಸಿ, ಹೆಡ್‌ಫೋನ್ ಕಿವಿಗಿಟ್ಟುಕೊಂಡಳು. ಯಾರೋ ಹೆಂಗಸು ಹವಾಮಾನ ಓದುತ್ತಿದ್ದಳು. ಎಡಗಿವಿಗೂ ಸ್ಪಷ್ಟ, ಬಲಗಿವಿಗೂ ಸ್ಪಷ್ಟ.

"ರೀ, ಬನ್ರೀ ಇಲ್ಲಿ!"

ಶ್ರೀನಾಥ ಕೇಳಿಸಿಕೊಂಡು ಕಣ್ಣರಳಿಸಿದ. "ಸೂಪರ್ ಮಧು! ಫಸ್ಟ್ ಟ್ರೈನಲ್ಲೇ! ಆಯ್ತು ಬಿಡು, ಕೆಲಸ ನಿಂದೇ."

ಅಲ್ಲಿಗೆ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಬಿಡುವ ಜಾಯಮಾನವೇ ಅವಳದು? ಭಾನುವಾರ ಬೆಳಿಗ್ಗೆ ಕಾಫಿ ಕುಡಿದು, ಬೋರ್ಡನ್ನು ಬೋರಲು ಹಾಕಿ ಕಿಟಕಿಯ ಬೆಳಕಿಗೆ ಹಿಡಿದಳು. ಒಂದೇ ಒಂದು ಬೆಸುಗೆ ಹೊಳೆಯುತ್ತಿರಲಿಲ್ಲ. ಎಲ್ಲ ಬೂದಿ ಬಣ್ಣ, ತೊಳೆಯದೆ ಇಟ್ಟ ಸ್ಟೀಲ್ ಲೋಟದ ಹಾಗೆ. ಏಳು ವರ್ಷದಲ್ಲಿ ಅಪರೂಪಕ್ಕೊಮ್ಮೆ ಬಿದ್ದ ಕೆಂಪು ಚುಕ್ಕೆ ಈಗ ಒಟ್ಟಿಗೇ ಅರವತ್ತು ಬಿದ್ದ ಹಾಗಾಯಿತು.

"ನೋಡ್ರೀ, ಎಲ್ಲಾ ಮಂಕು. ಒಂದೂ ಕೂತಿಲ್ಲ."

"ಕೆಲಸ ಮಾಡ್ತಿದೆಯಲ್ಲ ಮಾರಾಯ್ತಿ, ಯಾಕೆ ಸುಮ್ನೆ ಕೆದಕ್ತೀಯ? ಬಿಡು."

"ನಿಮಗೇನ್ರೀ ಗೊತ್ತು? ನಿಮ್ಮ ಸಾಫ್ಟ್‌ವೇರ್ ಆದ್ರೆ ರೀಸ್ಟಾರ್ಟ್ ಮಾಡಿದ್ರೆ ಆಯ್ತು. ಆಯಮ್ಮ ತಿರುಗಿಸಿ ನೋಡಿದ ತಕ್ಷಣ, ಇವಳಿಗೆ ಏನೂ ಬರಲ್ಲ ಅಂತಾಳೆ."

ನಾಲ್ಕು ವರ್ಷದಲ್ಲಿ ಕೈ ಕೆಟ್ಟುಹೋಗಿದೆ ಎಂದುಕೊಂಡಳು. ಇನ್ನೇನೂ ಇಲ್ಲದಿದ್ದರೂ ಕೈಯೊಂದಿದೆ ಎಂದು ಇಷ್ಟು ದಿನ ಧೈರ್ಯ ತಂದುಕೊಂಡಿದ್ದಳು, ಈಗ ಅದೂ ಹೋಯಿತೇ? ಐರನ್ನಿನ ಕಾವು ಏರಿಸಿ ಒಂದೊಂದನ್ನೇ ಮತ್ತೆ ಕರಗಿಸಿದಳು. ಆರಿದ ಮೇಲೆ ಮತ್ತೆ ಮಂಕು. ಹಳೆಯದನ್ನು ಹೀರಿ ತೆಗೆದು, ಹೊಸ ತಂತಿ ಹಾಕಿದಳು. ಮತ್ತೆ ಮಂಕು. ಮೂರನೆಯ ಸಲ, ನಾಲ್ಕನೆಯ ಸಲ. ಮೊಂಡುತನವೋ, ಭಯವೋ, ಯಾವುದೆಂದು ಅವಳಿಗೇ ಗೊತ್ತಾಗಲಿಲ್ಲ. ಮಧ್ಯಾಹ್ನದ ಅನ್ನಕ್ಕೆ ಶ್ರೀನಾಥನೇ ಮೊಸರು ಕಲಸಿ ಮಗುವಿಗೆ ತಿನ್ನಿಸಿದ. ಎರಡು ಗಂಟೆಯ ಹೊತ್ತಿಗೆ, ಕಾದು ಕಾದು ಸಾಕಾಗಿದ್ದ ತಾಮ್ರದ ಒಂದು ಬಿಲ್ಲೆ ಬೋರ್ಡಿನಿಂದ ಸಿಪ್ಪೆಯಂತೆ ಎದ್ದು ಐರನ್ನಿನ ತುದಿಗೆ ಅಂಟಿಕೊಂಡು ಬಂತು. ಅದರ ಹಿಂದೆಯೇ ವಿದ್ಯುತ್ ಹರಿಯುವ ತಾಮ್ರದ ಗೆರೆಯೊಂದು ಅರ್ಧ ಇಂಚು ಕಿತ್ತುಬಂತು.

ಹೆಡ್‌ಫೋನ್ ಹಾಕಿ ನೋಡಿದಳು. ಎಡಗಿವಿ ಸತ್ತಿತ್ತು.

ಕಿತ್ತುಹೋದ ಗೆರೆಗೆ ಕೂದಲೆಳೆಯಂಥ ತಂತಿಯ ಸೇತುವೆ ಕಟ್ಟುವುದು ಅವಳಿಗೆ ಬರುತ್ತಿತ್ತು. ಆದರೆ ಅಂಥ ತಂತಿ ಮನೆಯಲ್ಲಿ ಇರಲಿಲ್ಲ. ಸೋಮವಾರ ತಂದರಾಯಿತು ಎಂದುಕೊಂಡಳು. ಸೋಮವಾರ ಬೆಳಿಗ್ಗೆ ತಾನ್ಯಾ ಹಾಸಿಗೆಯ ಮೇಲೆಯೇ ವಾಂತಿ ಮಾಡಿಕೊಂಡಳು. ಚಳಿಗಾಲಕ್ಕೊಮ್ಮೆ ಊರಿಗೆ ಊರೇ ಹರಡುವ ವಾಂತಿ ಕಾಯಿಲೆ. ನಿಂತು ಎರಡು ದಿನ ಆಗುವ ತನಕ ಡಾಗಿಸ್‌ನವರು ಮಗುವನ್ನು ಬಾಗಿಲೊಳಗೆ ಬಿಡುವುದಿಲ್ಲ. ಚಾದರ ಒಗೆ, ಬಕೆಟ್ ಹಿಡಿ, ಚಮಚದಲ್ಲಿ ನೀರು ಕುಡಿಸು. ಮಂಗಳವಾರವೂ ಅದೇ ಹಾಡು. ಎರಡು ರಾತ್ರಿ ಸೇರಿಸಿದರೂ ಅವಳು ಮೂರು ಗಂಟೆ ಮಲಗಿರಲಿಲ್ಲ.

ಬುಧವಾರ ಶ್ರೀನಾಥ ರಜೆ ಹಾಕಿ ಮಗುವಿನ ಬಳಿ ಉಳಿದ. ಜಾಕೆಟ್ಟಿನ ಜಿಪ್ ಎಳೆದುಕೊಳ್ಳುತ್ತಿದ್ದ ಹೆಂಡತಿಗೆ ಮೆಲ್ಲಗೆ ಹೇಳಿದ, "ಕಿಟ್ಟೇ ಡಿಫೆಕ್ಟ್ ಇತ್ತು ಅಂದ್ಬಿಡು ಮಧು. ಯಾರಿಗ್ ಗೊತ್ತಾಗುತ್ತೆ?"

"ನನಗ್ ಗೊತ್ತಾಗಲ್ವೇನ್ರೀ?" ಎಂದಳು. ರೇಗಲಿಕ್ಕೂ ಅವಳಲ್ಲಿ ತ್ರಾಣ ಉಳಿದಿರಲಿಲ್ಲ.

ಬಸ್ಸಿನಲ್ಲಿ ತೂಕಡಿಸಿ, ಇಳಿಯುವ ಜಾಗ ದಾಟಿ ಹೋಗಿ, ಹಿಂದಕ್ಕೆ ನಡೆದು ಬಂದಳು. ವರ್ಕ್‌ಶಾಪಿನ ಬಾಗಿಲು ತೆರೆದವಳೇ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡ ಸ್ವೀಡಿಷ್ ವಾಕ್ಯವನ್ನು ಒಪ್ಪಿಸಿದಳು. "ಎಡಗಿವಿ ಕೇಳುವುದಿಲ್ಲ. ಕಿಟ್ ಸರಿ ಇತ್ತು. ಕೆಡಿಸಿದ್ದು ನಾನು."

ಗುನಿಲ್ಲಾ ಕನ್ನಡಕ ಏರಿಸಿ, ಬೋರ್ಡನ್ನು ಭೂತಗನ್ನಡಿಯ ಕೆಳಗೆ ತಿರುಗಿಸಿ, ಬಹಳ ಹೊತ್ತು ನೋಡಿದಳು. "ಎಲ್ಲವನ್ನೂ ಮತ್ತೆ ಮತ್ತೆ ಕಾಯಿಸಿದ್ದೀರಿ. ಯಾಕೆ?"

"ಹೊಳೆಯುತ್ತಿರಲಿಲ್ಲ. ಮಂಕಾಗಿತ್ತು. ನಮ್ಮ ಕಾರ್ಖಾನೆಯಲ್ಲಿ ಮಂಕಾದರೆ ತಪ್ಪು."

ಗುನಿಲ್ಲಾ ಕನ್ನಡಕ ಇಳಿಸಿದಳು. ಎದ್ದು ಹೋಗಿ ಕಪಾಟಿನಿಂದ ಒಂದು ಟ್ರೇ ತಂದಿಟ್ಟಳು. ಮ್ಯೂಸಿಯಮ್ಮಿಗೆ ಹೋಗಲು ಸಿದ್ಧವಾದ ಹೊಸ ಬೋರ್ಡುಗಳು, ಇಪ್ಪತ್ತಿರಬಹುದು. ಎಲ್ಲದರ ಬೆಸುಗೆಯೂ ಬೂದಿ ಬಣ್ಣ. ಎಲ್ಲವೂ ಮಂಕು.

"ಹೋದ ಬೇಸಿಗೆಯಿಂದ ಯುರೋಪಿನಲ್ಲಿ ಹೊಸ ಎಲೆಕ್ಟ್ರಾನಿಕ್ಸ್ ಸಾಮಾನಿಗೆ ಸೀಸ ಬಳಸುವಂತಿಲ್ಲ," ಎಂದಳು. "ನಿಮಗೆ ಕೊಟ್ಟ ತಂತಿಯಲ್ಲೂ ಸೀಸವಿಲ್ಲ. ಸೀಸ ಇಲ್ಲದಿದ್ದರೆ ಬೆಸುಗೆ ಹೊಳೆಯುವುದಿಲ್ಲ, ಯಾರು ಹಾಕಿದರೂ ಅಷ್ಟೇ. ನಿಮಗೆ ಯಾರೂ ಹೇಳಲಿಲ್ಲವೇ?"

ಯಾರು ಹೇಳುತ್ತಾರೆ? ಅವಳು ಪೀಣ್ಯ ಬಿಡುವಾಗ ಇಂಥದ್ದೊಂದು ಬರುತ್ತದೆಂದು ಪಾರ್ವತಿ ಮೇಡಂಗೂ ಗೊತ್ತಿರಲಿಲ್ಲ. ಬೆಸುಗೆ ತಂತಿಯ ಸುರುಳಿಯ ಮೇಲೆ ಏನೋ ಬರೆದಿತ್ತು ನಿಜ, ಆದರೆ ಏಳು ವರ್ಷ ಬೆಸುಗೆ ಹಾಕಿದವರು ಅದನ್ನೆಲ್ಲ ಓದುತ್ತಾ ಕೂರುತ್ತಾರೆಯೇ? ಮಧುಶ್ರೀ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತಳು. ಶನಿವಾರ ಮೂರೂವರೆಗೆ ಎಲ್ಲ ಸರಿ ಇತ್ತು. ಮೊದಲ ಸಲವೇ ಸರಿ ಇತ್ತು. ಕೈ ಕೆಟ್ಟಿರಲೇ ಇಲ್ಲ. ಅವಳು ಹಾಳುಮಾಡಿದ್ದು ತನ್ನದೇ ಒಳ್ಳೆಯ ಕೆಲಸವನ್ನು, ಅದೂ ಇಡೀ ಒಂದು ದಿನ ಕೂತು, ಮಗುವಿಗೆ ಊಟ ಕೂಡ ಹಾಕದೆ. ಅಳು ಒತ್ತರಿಸಿ ಬಂತು. ಅತ್ತಳು. ಗುನಿಲ್ಲಾ ಕಾಫಿ ತಂದು ಮುಂದಿಟ್ಟು, ಅಳು ನಿಲ್ಲುವವರೆಗೆ ಬೇರೆ ಕಡೆ ನೋಡುತ್ತಾ ಕೂತಳು.

"ಇನ್ನೊಬ್ಬರು ನಿನ್ನೆಯೇ ತಂದುಕೊಟ್ಟರು," ಎಂದಳು ಆಮೇಲೆ. "ಎರಡು ಕಿವಿಗೂ ಕೇಳುತ್ತದೆ."

ಅಂದರೆ ಮುಗಿಯಿತು. ವಿಚಿತ್ರವೆಂದರೆ, ಮುಗಿಯಿತು ಎಂದಾಗ ಮೈ ಹಗುರಾಯಿತು. ಎದ್ದು ಮನೆಗೆ ಹೋಗಬೇಕೆಂದುಕೊಂಡಳು. ಆದರೆ ಮೇಜಿನ ಮೇಲೆ ಎಡಗಿವಿ ಸತ್ತ ಆ ಬೋರ್ಡು ಬಿದ್ದಿತ್ತು, ಅದನ್ನು ಹಾಗೆ ಬಿಟ್ಟು ಏಳಲು ಮನಸ್ಸು ಬರಲಿಲ್ಲ.

"ಐರನ್ ಕೊಡಿ. ತೆಳ್ಳಗಿನ ತಂತಿ ಕೊಡಿ. ಕೆಲಸಕ್ಕಲ್ಲ. ಕೆಡಿಸಿದ್ದನ್ನು ಸರಿ ಮಾಡಿಟ್ಟು ಹೋಗುತ್ತೇನೆ."

ಗುನಿಲ್ಲಾ ಕೊಟ್ಟಳು. ಮಧುಶ್ರೀ ಉಳಿದ ತಾಮ್ರದ ಗೆರೆಯ ಮೇಲಿನ ಹಸಿರು ಬಣ್ಣವನ್ನು ಬ್ಲೇಡಿನಿಂದ ಕೆರೆದಳು. ಕೂದಲೆಳೆಯ ತಂತಿಯನ್ನು ಅಳೆದು, ಬಗ್ಗಿಸಿ, ಕೂರಿಸಿದಳು. ಕಾಯಿಸಿ, ಮುಟ್ಟಿಸಿ, ತೆಗೆದಳು. ಬೆಸುಗೆ ಒಂದು ಕ್ಷಣ ಥಳಥಳಿಸಿತು, ಆರುತ್ತಾ ಮಂಕಾಯಿತು. ಬೆರಳು ಹಳೆಯ ಚಾಳಿಗೆ ಮತ್ತೆ ಅದರತ್ತ ಹೊರಟಿತು. ಹಲ್ಲು ಕಚ್ಚಿ ಐರನ್ನನ್ನು ಸ್ಟ್ಯಾಂಡಿಗೆ ಇಟ್ಟುಬಿಟ್ಟಳು. ಇರಲಿ ಮಂಕಾಗಿಯೇ.

ಗುನಿಲ್ಲಾ ಹೆಡ್‌ಫೋನ್ ಹಾಕಿಕೊಂಡಳು. ಎಡಗಿವಿಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು, ಬೋರ್ಡನ್ನು ಬೆರಳಿನಿಂದ ತಟ್ಟಿ ಕೇಳಿದಳು, ತಂತಿಯ ಸೇತುವೆಯನ್ನು ಭೂತಗನ್ನಡಿಯ ಕೆಳಗೆ ಹಿಡಿದು ನೋಡಿದಳು. ನಂತರ ಗೋಡೆಯ ಪಕ್ಕ ಎದೆಯೆತ್ತರಕ್ಕೆ ಪೇರಿಸಿಟ್ಟಿದ್ದ ಪೆಟ್ಟಿಗೆಗಳತ್ತ ಕೈ ತೋರಿಸಿದಳು.

"ಅದೆಲ್ಲ ಕೆಟ್ಟು ವಾಪಸ್ ಬಂದ ಸಾಮಾನು. ಹೊಸದು ಜೋಡಿಸುವವರು ಸಿಗುತ್ತಾರೆ. ತಾನೇ ಕೆಡಿಸಿದೆ ಎಂದು ಬಾಗಿಲಲ್ಲೇ ಹೇಳಿ, ಅದನ್ನು ಹೀಗೆ ರಿಪೇರಿ ಮಾಡುವವರು ನನಗೆ ಈವರೆಗೆ ಸಿಕ್ಕಿಲ್ಲ. ನಾಳೆ ಬೆಳಿಗ್ಗೆ ಏಳಕ್ಕೆ ಬನ್ನಿ."

ನಾಲ್ಕು ವರ್ಷ ಕಾದ ಮಾತು ಅದು. ಮಧುಶ್ರೀ ಅದನ್ನು ಎಷ್ಟೋ ಸಲ ಮನಸ್ಸಿನಲ್ಲೇ ಕೇಳಿಸಿಕೊಂಡು, ಕುಣಿದು ಕುಪ್ಪಳಿಸಿದ್ದಳು. ಈಗ ಕುಣಿಯಲು ಕಾಲಿರಲಿಲ್ಲ. ಈ ದೇಶಕ್ಕೆ ಬಂದಾಗಿನಿಂದ ಯಾರು ಏನು ಹೇಳಿದರೂ ಹೂಂ ಎಂದವಳು, ಗುನಿಲ್ಲಾಳ ಮುಖವನ್ನೇ ನೋಡುತ್ತಾ ತಲೆಯಲ್ಲಾಡಿಸಿದಳು.

"ನಾಳೆ ಬೇಡ," ಎಂದಳು. "ನಾಡಿದ್ದು ಬರುತ್ತೇನೆ. ನಾಳೆ ನಾನು ಮಲಗಬೇಕು."

ಗುನಿಲ್ಲಾ ಕ್ಯಾಲೆಂಡರ್ ತೆಗೆದು, ಗುರುವಾರದ ಕೆಳಗೆ ಬರೆಯಹೊರಟಿದ್ದ ಪೆನ್ನನ್ನು ಶುಕ್ರವಾರಕ್ಕೆ ಸರಿಸಿ, "ನಿಮ್ಮ ಹೆಸರಿನ ಸ್ಪೆಲ್ಲಿಂಗ್ ಹೇಳಿ" ಎಂದಳು.